ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೆ ಹಡಗು ಪ್ರವಾಸ: ಮೊದಲ ಕ್ರೂಸಿನಿಂದ ಹಳೆ ಲೈನರ್‌ಗಳವರೆಗೆ

ನಮ್ಮ ಕಡೆ ಪ್ರವಾಸ ಅಂದರೆ ಪಂಢರಪುರ, ತಿರುಪತಿ, ಗೋವಾ, ಕೈಯಲ್ಲಿ ನಾಲ್ಕು ಕಾಸು ಜಾಸ್ತಿ ಇದ್ದರೆ ದುಬೈ, ಸಿಂಗಾಪುರ. ಹಡಗಿನ ಮಾತು ತೆಗೆದರೆ "ಅದೆಲ್ಲ ನಮಗಲ್ಲ ಬಿಡ್ರಿ" ಅನ್ನುವವರೇ ಹೆಚ್ಚು. ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಯಾಕೆಂದರೆ ಕಡಲು ನಮಗೆ ಹೊಸದಲ್ಲ. ರೈಲು ಬರುವ ಮೊದಲು ಮುಂಬೈಯಿಂದ ಬೆಳಗಾವಿಗೆ ಬರುವವರು ವೆಂಗುರ್ಲಾ ಬಂದರಿನಲ್ಲಿ ಇಳಿದು, ಅಲ್ಲಿಂದ ಘಾಟು ಹತ್ತಿ ಬರುತ್ತಿದ್ದರು. ಹಿಂಡಲಗಾ ದಾಟಿ ಹೋಗುವ ರಸ್ತೆಯನ್ನು ಇವತ್ತಿಗೂ ವೆಂಗುರ್ಲಾ ರೋಡ್ ಅಂತಲೇ ಕರೆಯುತ್ತೇವೆ. ವಿಜಯಪುರದ ಆದಿಲ್‌ಶಾಹಿಗಳ ಕೈಯಲ್ಲಿ 1510ರವರೆಗೆ ಗೋವಾ ಇತ್ತು. ಇನ್ನೂ ಈಚಿನ ಮಾತು ಬೇಕಾದರೆ ಹಜ್‌ಗೆ ಹೋಗಿ ಬಂದ ಹಿರಿಯರನ್ನು ಕೇಳಿ. 1995ರವರೆಗೂ ಮುಂಬೈಯಿಂದ ಜಿದ್ದಾಗೆ ಯಾತ್ರಿಕರ ಹಡಗು ಹೋಗುತ್ತಿತ್ತು. ಡೆಕ್ಕಿನ ಮೇಲೆ ನಮಾಜು ಮಾಡಿದ್ದು, ದಿನಗಟ್ಟಲೆ ದಡ ಕಾಣದೆ ಇದ್ದದ್ದು, ಎಲ್ಲ ಹೇಳುತ್ತಾರೆ.

ಹಾಗಾಗಿ ಈ ಮಾರ್ಗದರ್ಶಿ. ಮೊದಲ ಸಲ ಕ್ರೂಸ್ ಹತ್ತುವವರು ಏನೇನು ಮಾಡಬೇಕು, ಆಮೇಲೆ ರುಚಿ ಹತ್ತಿದರೆ ಓಡಾಟ ನಿಲ್ಲಿಸಿದ ಹಳೆ ಸಾಗರ ಹಡಗುಗಳನ್ನು ಎಲ್ಲಿ ನೋಡಬೇಕು, ಎರಡನ್ನೂ ಹೇಳುತ್ತೇನೆ. ನನ್ನ ಮಟ್ಟಿಗೆ ಇವೆರಡೂ ಬೇರೆ ಬೇರೆ ವಿಷಯ ಅಲ್ಲ. ಹಡಗಿನ ಹಿಂದಿನ ಕಥೆ ಗೊತ್ತಿದ್ದು ಹತ್ತಿದವರಿಗೆ ಸಿಗುವ ಖುಷಿಯೇ ಬೇರೆ.

ಮೊದಲು ತಿಳಿಯಬೇಕಾದ್ದು: ಲೈನರ್ ಬೇರೆ, ಕ್ರೂಸ್ ಬೇರೆ

ಲೈನರ್ ಅಂದರೆ ವೇಳಾಪಟ್ಟಿ ಪ್ರಕಾರ ಊರಿಂದ ಊರಿಗೆ ಓಡುವ ನಮ್ಮ ಕೆಂಪು ಬಸ್ಸು, ಕ್ರೂಸ್ ಅಂದರೆ ಸುತ್ತಾಡಿಸಿ ವಾಪಸ್ ತಂದು ಬಿಡುವ ಟೂರ್ ಬಸ್ಸು. ವಿಮಾನ ಇಲ್ಲದ ಕಾಲದಲ್ಲಿ ಅಟ್ಲಾಂಟಿಕ್ ದಾಟಬೇಕಾದರೆ ಲೈನರ್ ಒಂದೇ ದಾರಿ. ಬಿರುಗಾಳಿ ಇದ್ದರೂ ಹೇಳಿದ ದಿನ ತಲುಪಬೇಕು. ಅದಕ್ಕೇ ಉದ್ದನೆಯ ಚೂಪು ಮೂತಿ, ನೀರಿನಲ್ಲಿ ಆಳಕ್ಕೆ ಇಳಿದ ಒಡಲು, ದಪ್ಪ ಉಕ್ಕು, ದೊಡ್ಡ ಎಂಜಿನ್ನು. ಕ್ರೂಸ್ ಹಡಗಿಗೆ ಆ ಅವಸರ ಇಲ್ಲ. ಅಲ್ಲಿ ಮಹಡಿ ಮೇಲೆ ಮಹಡಿ, ಬಾಲ್ಕನಿ, ಈಜುಕೊಳ. ಹವಾಮಾನ ಕೆಟ್ಟರೆ ದಾರಿಯನ್ನೇ ಬದಲಿಸುತ್ತಾರೆ, ಇಳಿಸಬೇಕಾದ ಊರನ್ನೇ ಬಿಟ್ಟುಬಿಡುತ್ತಾರೆ. ಟಿಕೆಟ್ ತೆಗೆಯುವಾಗಲೇ ಇದು ಗೊತ್ತಿರಲಿ.

ಹಂತ 1: ತಿಂಗಳು ಮತ್ತು ದಾರಿ ಆರಿಸುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದ ಕಡೆ ಹೋಗಬೇಡಿ. ಆಗ ಕಡಲು ನಿಜಕ್ಕೂ ಒರಟು. ನವೆಂಬರ್‌ನಿಂದ ಫೆಬ್ರವರಿ ಒಳ್ಳೆ ಕಾಲ. ನೀರು ಶಾಂತ, ಡೆಕ್ಕಿನ ಮೇಲೆ ನಿಲ್ಲುವಂಥ ಬಿಸಿಲು.

ನಮಗೆ ಹತ್ತಿರದ ಬಂದರು ಎರಡು: ಗೋವಾದ ಮುರಗಾಂವ ಮತ್ತು ಮುಂಬೈ. ದೂರ ನೋಡಿದರೆ ಗೋವಾ ಹತ್ತಿರ, ಆದರೆ ಹೆಚ್ಚಿನ ಪ್ರವಾಸ ಶುರುವಾಗುವುದು ಮುಂಬೈಯಿಂದ. ಮೊದಲ ಸಲಕ್ಕೆ 2 ಅಥವಾ 3 ರಾತ್ರಿಯ ಮುಂಬೈ–ಗೋವಾ–ಮುಂಬೈ ಥರದ್ದು ಸಾಕು. ಲಕ್ಷದ್ವೀಪದ್ದು ಚಂದ, ಆದರೆ ಅಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ಸಣ್ಣ ದೋಣಿಗೆ ಇಳಿದು ಹೋಗಬೇಕು, ಅಲೆ ಜೋರಿದ್ದರೆ ಅದೂ ಇಲ್ಲ. ಮೊಣಕಾಲು ನೋವಿರುವ ಹಿರಿಯರಿಗೆ ಆ ಹತ್ತುವುದು ಇಳಿಯುವುದು ಕಷ್ಟ. ಒಂದು ಮಾತು ನೆನಪಿಡಿ: ಯಾವ ಊರಿಗೆ ಹೋಗುತ್ತದೆ ಅನ್ನುವುದಕ್ಕಿಂತ ಒಂದು ಇಡೀ ಹಗಲು ಸಮುದ್ರದಲ್ಲೇ ಇರುತ್ತದಾ ಅಂತ ನೋಡಿ. ಆ ಹಗಲು ಇಲ್ಲದ ಕ್ರೂಸ್ ಅರ್ಧ ಕ್ರೂಸ್.

ಹಂತ 2: ಹೊಟ್ಟೆ ಒಪ್ಪುತ್ತದಾ ಪರೀಕ್ಷೆ ಮಾಡಿ

ಬಸ್ಸಿನಲ್ಲಿ ಚೋರ್ಲಾ ಘಾಟು ಇಳಿಯುವಾಗ ವಾಂತಿ ಬರುವವರಿಗೆ ಹಡಗಿನ ಬಗ್ಗೆ ಭಯ ಇರುವುದು ಸಹಜ. ಮುಂಬೈಗೆ ಹೋದಾಗ ಭಾವೂಚಾ ಧಕ್ಕಾದಿಂದ ಮಾಂಡ್ವಾಗೆ ಹೋಗುವ ರೋ-ರೋ ಹತ್ತಿ ನೋಡಿ. 2020ರಲ್ಲಿ ಶುರುವಾದ ಸೇವೆ, ಕಾರುಗಳನ್ನೂ ಹೊತ್ತು ಸುಮಾರು ಒಂದು ತಾಸಿನಲ್ಲಿ ಆಚೆ ದಡ ಮುಟ್ಟಿಸುತ್ತದೆ. ಅಲ್ಲಿ ಆರಾಮಾಗಿದ್ದರೆ ದೊಡ್ಡ ಹಡಗಿನಲ್ಲಿ ಇನ್ನೂ ಆರಾಮ. ಕ್ರೂಸ್ ಹಡಗಿನ ಹೊಟ್ಟೆಯ ಎರಡೂ ಬದಿಗೆ, ನೀರಿನೊಳಗೆ, ಮೀನಿನ ರೆಕ್ಕೆಯಂಥ ಸ್ಟೆಬಿಲೈಸರ್ ಇರುತ್ತವೆ. ತೊಯ್ದಾಟ ಜಾಸ್ತಿ ಆದಾಗ ಅವನ್ನು ಹೊರಚಾಚುತ್ತಾರೆ, ಹಡಗು ಎಡಕ್ಕೆ ಬಲಕ್ಕೆ ಹೊರಳುವುದು ಎಷ್ಟೋ ಕಡಿಮೆ ಆಗುತ್ತದೆ. ಗುಳಿಗೆ ಬೇಕಾದವರು ಮೊದಲೇ ನಿಮ್ಮ ಡಾಕ್ಟರನ್ನು ಕೇಳಿ ತಗೊಳ್ಳಿ. ಬಿಪಿ, ಸಕ್ಕರೆ ಇರುವವರಂತೂ ಕೇಳಲೇಬೇಕು. ತಲೆ ತಿರುಗಿದರೆ ಕ್ಯಾಬಿನ್ನಿನಲ್ಲಿ ಮಲಗಿ ಮೊಬೈಲ್ ನೋಡುವ ಬದಲು ಡೆಕ್ಕಿಗೆ ಬಂದು ದೂರದ ದಿಗಂತ ನೋಡಿ. ಬೇಗ ಸರಿ ಹೋಗುತ್ತದೆ.

ಹಂತ 3: ಹಡಗಿನ ಜಾತಕ ತೆಗೆಯುವುದು

ಇದನ್ನು ಯಾರೂ ಮಾಡುವುದಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟದ ಹಂತ ಇದೇ.

ಪ್ರತಿ ದೊಡ್ಡ ಹಡಗಿಗೂ ಐಎಂಒ ಸಂಖ್ಯೆ ಅಂತ 7 ಅಂಕಿಯ ನಂಬರ್ ಇರುತ್ತದೆ. ಮಾಲೀಕರು ಬದಲಾಗಲಿ, ಹೆಸರು ಬದಲಾಗಲಿ, ಬಾವುಟ ಬದಲಾಗಲಿ, ಕಟ್ಟಿದ ದಿನದಿಂದ ಒಡೆಯುವ ದಿನದವರೆಗೆ ಆ ನಂಬರ್ ಬದಲಾಗುವುದಿಲ್ಲ. ಹಡಗಿನ ಹೆಸರು ಹಾಕಿ ಹುಡುಕಿದರೆ ಸಿಗುತ್ತದೆ. ಆ ನಂಬರ್ ಹಾಕಿ ಮತ್ತೆ ಹುಡುಕಿ, ಇಡೀ ಚರಿತ್ರೆ ಬಿಚ್ಚಿಕೊಳ್ಳುತ್ತದೆ.

ಉದಾಹರಣೆಗೆ 2021ರಿಂದ ಮುಂಬೈ ಕಡೆಯಿಂದ ಓಡುತ್ತಿರುವ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್. 1990ರಲ್ಲಿ ಫ್ರಾನ್ಸಿನ ಸೇಂಟ್ ನಜೇರ್ ಎಂಬ ಊರಿನಲ್ಲಿ ಕಟ್ಟಿದ ಹಡಗು. ಮೊದಲ ಹೆಸರು ನಾರ್ಡಿಕ್ ಎಂಪ್ರೆಸ್. ಅಮೆರಿಕದ ಮಯಾಮಿಯಿಂದ ಬಹಾಮಾ ದ್ವೀಪಗಳಿಗೆ 3–4 ರಾತ್ರಿಯ ಸಣ್ಣ ಪ್ರವಾಸಕ್ಕೆಂದೇ ಮಾಡಿದ್ದು. ಆಮೇಲೆ ಎಂಪ್ರೆಸ್ ಆಫ್ ದ ಸೀಸ್ ಆಯಿತು, ಸ್ಪೇನಿನ ಕಂಪನಿಗೆ ಹೋಯಿತು, ಮರಳಿ ಮೊದಲಿನ ಕಂಪನಿಗೇ ಬಂತು, ಕೊನೆಗೆ ಮುಂಬೈಗೆ ಬಂತು. 211 ಮೀಟರ್ ಉದ್ದ. ಇವತ್ತಿನ ದೈತ್ಯ ಹಡಗುಗಳ ಮುಂದೆ ಸಣ್ಣದು, ಆದರೆ ಎರಡು ದಿನದಲ್ಲಿ ಮೂಲೆ ಮೂಲೆ ಪರಿಚಯ ಆಗುವ ಅಳತೆ. ಸೇಂಟ್ ನಜೇರ್ ಹೆಸರು ಮರೆಯಬೇಡಿ, ಕೆಳಗೆ ಮತ್ತೆ ಬರುತ್ತದೆ.

ಹಂತ 4: ಕ್ಯಾಬಿನ್ ಆರಿಸುವುದು

ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ಅಗ್ಗ. ಕಿಟಕಿಯದ್ದು ಅದಕ್ಕಿಂತ ಸ್ವಲ್ಪ ಮೇಲು, ಬಾಲ್ಕನಿಯದ್ದು ದುಬಾರಿ. ಹಗಲೆಲ್ಲ ಡೆಕ್ಕಿನ ಮೇಲೆ ಇರುವವರಿಗೆ ಒಳಗಿನದ್ದೇ ಸಾಕು, ಉಳಿದ ದುಡ್ಡಿನಲ್ಲಿ ಇನ್ನೊಂದು ಸಲ ಬರಬಹುದು. ಆದರೆ ಅಪ್ಪ ಅಮ್ಮನ ಜೊತೆ ಹೋಗುವುದಾದರೆ ಕಿಟಕಿ ಇರಲಿ. ಹೊರಗೆ ಹಗಲೋ ರಾತ್ರಿಯೋ ತಿಳಿಯದಿದ್ದರೆ ಹಿರಿಯರಿಗೆ ಗಾಬರಿ.

ತೊಯ್ದಾಟ ಕಡಿಮೆ ಇರುವುದು ಹಡಗಿನ ನಡುಭಾಗದ ಕೆಳ ಡೆಕ್ಕುಗಳಲ್ಲಿ. ತುತ್ತತುದಿಯ ಮೂತಿ ಕಡೆಯದ್ದು ಬೇಡ. ಡೆಕ್ ಪ್ಲ್ಯಾನ್, ಅಂದರೆ ಹಡಗಿನ ಮಹಡಿಗಳ ನಕ್ಷೆ ತೆಗೆದು ನಿಮ್ಮ ಕ್ಯಾಬಿನ್ನಿನ ಮೇಲೆ ಏನಿದೆ ಅಂತ ನೋಡಿ. ಡಿಸ್ಕೋ ಇದ್ದರೆ ರಾತ್ರಿ ನಿದ್ದೆ ಇಲ್ಲ.

ಇನ್ನು ಯಾವ ಬದಿ? ಮೂತಿಯತ್ತ ಮುಖ ಮಾಡಿ ನಿಂತರೆ ಎಡಗಡೆ ಪೋರ್ಟ್, ಬಲಗಡೆ ಸ್ಟಾರ್‌ಬೋರ್ಡ್. ಮುಂಬೈಯಿಂದ ತೆಂಕಣಕ್ಕೆ ಹೋಗುವಾಗ ದಡ ಎಡಕ್ಕೆ, ಸೂರ್ಯ ಮುಳುಗುವುದು ಬಲಕ್ಕೆ. ವಾಪಸ್ ಬರುವಾಗ ಉಲ್ಟಾ. ಒಂದೇ ಕಡೆ ಹೋಗುವ ಟಿಕೆಟ್ ಆಗಿದ್ದರೆ ಇದನ್ನು ನೋಡಿಯೇ ಬುಕ್ ಮಾಡಿ.

ಹಂತ 5: ದುಡ್ಡು, ಕಾಗದಪತ್ರ, ಮುಂಬೈ ದಾರಿ

ಜಾಹೀರಾತಿನಲ್ಲಿ ಕಾಣುವ ದರ ಪೂರ್ತಿ ದರ ಅಲ್ಲ. ಬಂದರು ಶುಲ್ಕ, ಜಿಎಸ್‌ಟಿ, ಸೇವಾ ಟಿಪ್ಸು ಸೇರಿಸಿ ಕೊನೆಯ ಮೊತ್ತ ಕೇಳಿ. ಸಾಮಾನ್ಯವಾಗಿ ಊಟ, ವಾಸ, ಈಜುಕೊಳ ಸೇರಿರುತ್ತವೆ. ಮದ್ಯ, ವೈಫೈ, ಊರು ಸುತ್ತಿಸುವ ಟೂರು, ಸ್ಪಾ ಇವಕ್ಕೆಲ್ಲ ಬೇರೆ. ಹಡಗಿನಲ್ಲಿ ಕೈಗೆ ಒಂದು ಕಾರ್ಡ್ ಕೊಡುತ್ತಾರೆ. ಬಾಗಿಲು ತೆರೆಯುವುದೂ ಅದರಿಂದ, ಖರ್ಚು ಬರೆಯುವುದೂ ಅದರ ಮೇಲೆ. ಮಕ್ಕಳ ಕೈಗೆ ಕೊಟ್ಟರೆ ಲೆಕ್ಕ ಇಟ್ಟುಕೊಳ್ಳಿ.

ಭಾರತದ ಬಂದರುಗಳ ನಡುವೆಯೇ ಓಡಾಡುವ ಪ್ರವಾಸಕ್ಕೆ ಸರ್ಕಾರಿ ಗುರುತಿನ ಚೀಟಿ ಸಾಕು. ಶ್ರೀಲಂಕಾ ಥರ ಹೊರದೇಶ ಇದ್ದರೆ ಕನಿಷ್ಠ 6 ತಿಂಗಳು ಅವಧಿ ಉಳಿದಿರುವ ಪಾಸ್‌ಪೋರ್ಟ್ ಬೇಕು. ಮನೆಯಲ್ಲೇ ವೆಬ್ ಚೆಕ್-ಇನ್ ಮುಗಿಸಿ, ಬೋರ್ಡಿಂಗ್ ಪಾಸ್ ಪ್ರಿಂಟ್ ಮಾಡಿಕೊಳ್ಳಿ.

ಬೆಳಗಾವಿಯವರಿಗೆ ಹುಬ್ಬಳ್ಳಿ–ದಾದರ್ ಎಕ್ಸ್‌ಪ್ರೆಸ್ ಇದೆ, ಸ್ಲೀಪರ್ ಬಸ್ಸುಗಳಿಗಂತೂ ಬರ ಇಲ್ಲ. ಬಾಗಲಕೋಟೆ, ವಿಜಯಪುರದವರಿಗೆ ಹೊಸಪೇಟೆ–ಮುಂಬೈ ಎಕ್ಸ್‌ಪ್ರೆಸ್ ಸೋಲಾಪುರದ ಮೇಲೆ ನೇರ ಸಿಎಸ್‌ಎಂಟಿಗೆ ಬಿಡುತ್ತದೆ. ಅಲ್ಲಿಂದ ಹಡಗು ಹತ್ತುವ ಬ್ಯಾಲಾರ್ಡ್ ಎಸ್ಟೇಟ್ ಟ್ಯಾಕ್ಸಿಯಲ್ಲಿ ಹತ್ತಿರವೇ. ಬಂದರಿಗೆ ಗೇಟು ಹಲವು, ಪಾಸಿನಲ್ಲಿ ಬರೆದ ಗೇಟಿನ ಹೆಸರನ್ನೇ ಡ್ರೈವರ್‌ಗೆ ತೋರಿಸಿ. ದಯವಿಟ್ಟು ಒಂದು ದಿನ ಮೊದಲೇ ಮುಂಬೈ ತಲುಪಿ. ರೈಲು ತಡವಾದರೆ ಹಡಗು ಕಾಯುವುದಿಲ್ಲ, ಹೊರಡುವುದಕ್ಕೆ ತಾಸುಗಳ ಮೊದಲೇ ಚೆಕ್-ಇನ್ ಮುಚ್ಚುತ್ತಾರೆ.

ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೊರಟಿದ್ದರೆ ಬುತ್ತಿಯನ್ನು ರೈಲಿನಲ್ಲೇ ಮುಗಿಸಿ. ಹೊರಗಿನ ಅಡುಗೆಯನ್ನು ಸಾಮಾನ್ಯವಾಗಿ ಹಡಗಿಗೆ ಬಿಡುವುದಿಲ್ಲ. ಬೆಂಕಿಯ ಭಯಕ್ಕೆ ಇಸ್ತ್ರಿ ಪೆಟ್ಟಿಗೆ, ಕೆಟಲ್‌ಗಳನ್ನೂ ತೆಗೆದಿಟ್ಟುಕೊಳ್ಳುತ್ತಾರೆ. ಉಪವಾಸದವರು, ಶುದ್ಧ ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಇಲ್ಲಿಂದ ಹೊರಡುವ ಹಡಗಿನಲ್ಲಿ ಜೈನ ಊಟ ಕೂಡ ಸಿಗುತ್ತದೆ, ಬುಕ್ ಮಾಡುವಾಗಲೇ ಹೇಳಿಬಿಡಿ.

ದೊಡ್ಡ ಬ್ಯಾಗನ್ನು ಕೆಳಗೇ ತಗೊಂಡು ಆಮೇಲೆ ಕ್ಯಾಬಿನ್ ಬಾಗಿಲಿಗೆ ತಂದಿಡುತ್ತಾರೆ, ಅದಕ್ಕೆ ಕೆಲವು ತಾಸು ಹಿಡಿಯಬಹುದು. ಔಷಧಿ, ಒಂದು ಜೊತೆ ಬಟ್ಟೆ, ಕಾಗದಪತ್ರ ಕೈಚೀಲದಲ್ಲೇ ಇರಲಿ. ಡೆಕ್ಕಿನ ಮೇಲೆ ಗಾಳಿ ಬಹಳ, ಸೀರೆ ಉಡುವವರು ಪಿನ್ನು ಜಾಸ್ತಿ ಇಟ್ಟುಕೊಳ್ಳಿ. ಜಾರದ ಚಪ್ಪಲಿ ಇರಲಿ.

ಹಂತ 6: ಹತ್ತಿದ ಕೂಡಲೇ

ಮೊದಲ ಕೆಲಸ ಸುರಕ್ಷತಾ ಡ್ರಿಲ್. ಇದನ್ನು ಹಗುರವಾಗಿ ತಗೊಳ್ಳಬೇಡಿ. 2012ರ ಜನವರಿ 13ರ ರಾತ್ರಿ ಇಟಲಿಯ ದಡದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು ಮಗುಚಿ 32 ಜನ ತೀರಿಕೊಂಡರು. ಆವತ್ತೇ ಹತ್ತಿದ್ದ ಪ್ರಯಾಣಿಕರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಅದಾದ ಮೇಲೆ ಹಡಗು ಬಿಡುವ ಮೊದಲೇ ಡ್ರಿಲ್ ಮಾಡುವ ನಿಯಮ ಬಂತು. 7 ಸಣ್ಣ ಸೀಟಿ, ಆಮೇಲೆ ಒಂದು ಉದ್ದ ಸೀಟಿ: ಅದು ಅಪಾಯದ ಸಂಕೇತ. ಅಪಾಯದಲ್ಲಿ ನೀವು ಸೇರಬೇಕಾದ ಜಾಗ, ಅಂದರೆ ಮಸ್ಟರ್ ಸ್ಟೇಷನ್ ಎಲ್ಲಿ, ಲೈಫ್ ಜಾಕೆಟ್ ಎಲ್ಲಿ ಅಂತ ನೋಡಿ, ಲಿಫ್ಟ್ ಬಿಟ್ಟು ಮೆಟ್ಟಿಲಿನಿಂದ ಒಂದು ಸಲ ಮನೆಯವರನ್ನೆಲ್ಲ ಕರೆದುಕೊಂಡು ನಡೆದು ಬನ್ನಿ.

ಮೊಬೈಲನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ. ದಡದ ಸಿಗ್ನಲ್ ಹೋದ ಮೇಲೆ ಫೋನು ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದರೆ ಬಿಲ್ಲು ವಿಪರೀತ ಬರುತ್ತದೆ. ಊಟದ ಮೊದಲು ಪ್ರತಿ ಸಲ ಸಾಬೂನು ಹಚ್ಚಿ ಕೈ ತೊಳೆಯಿರಿ. ಬಫೆಯಲ್ಲಿ ಸಾವಿರಾರು ಕೈ ಒಂದೇ ಸೌಟು ಹಿಡಿಯುತ್ತವೆ, ವಾಂತಿಭೇದಿ ಹಡಗಿನಲ್ಲಿ ಬಹಳ ಬೇಗ ಹರಡುತ್ತದೆ.

ಹಂತ 7: ಸುಮ್ನೆ ಇರುವುದನ್ನು ಕಲಿಯುವುದು

ಹಡಗು ಬಿಡುವ ಹೊತ್ತಿಗೆ ಎಲ್ಲರೂ ಊಟದ ಸಾಲಿನಲ್ಲಿರುತ್ತಾರೆ. ನೀವು ಬಲಗಡೆಯ ತೆರೆದ ಡೆಕ್ಕಿಗೆ ಹೋಗಿ. ಹಗ್ಗ ಬಿಚ್ಚುತ್ತಾರೆ, ಟಗ್ ಅನ್ನುವ ಸಣ್ಣ ದೋಣಿಗಳು ಇಷ್ಟು ದೊಡ್ಡ ಹಡಗನ್ನು ಮೆಲ್ಲಗೆ ದೂಡಿ ತಿರುಗಿಸುತ್ತವೆ. ಸೈರನ್ ಕೂಗಿದರೆ ಎದೆ ಗುಂಯ್ ಅನ್ನುತ್ತದೆ. ಗೇಟ್‌ವೇ, ತಾಜ್ ಹೋಟೆಲ್ ಬಲಕ್ಕೆ ಸರಿಯುತ್ತವೆ. ಕೊಲಾಬಾದ ತುದಿ ದಾಟಿದ ಮೇಲೆ ನೀರಿನ ನಡುವೆ ಒಂಟಿಯಾಗಿ ನಿಂತ ಪ್ರಾಂಗ್ಸ್ ದೀಪಸ್ತಂಭ ಕಾಣುತ್ತದೆ, 1875ರದ್ದು. ಹೊರಗೆ ಬಂದ ಮೇಲೆ ಕೆಳಗೆ ನೋಡಿ. ಹಡಗಿಗೆ ದಾರಿ ತೋರಿಸಿ ಬಂದರಿನಿಂದ ಹೊರಗೆ ತರುವವರಿಗೆ ಪೈಲಟ್ ಅನ್ನುತ್ತಾರೆ. ಅವರನ್ನು ಕರೆದೊಯ್ಯುವ ದೋಣಿ ಓಡುತ್ತಲೇ ಹಡಗಿಗೆ ತಾಗಿ ಬರುತ್ತದೆ. ಒಡಲಿಗೆ ತೂಗುಬಿಟ್ಟ ಹಗ್ಗದ ಏಣಿಯಲ್ಲಿ ಪೈಲಟ್ ಇಳಿದು, ಅಲೆ ದೋಣಿಯನ್ನು ಮೇಲೆತ್ತಿದ ಗಳಿಗೆ ನೋಡಿ ಒಂದೇ ಹೆಜ್ಜೆಗೆ ದಾಟಿಬಿಡುತ್ತಾರೆ. ಕೆಳಗಿನವರು ತೋಳು ಹಿಡಿದುಕೊಳ್ಳುತ್ತಾರೆ. ಎರಡೂ ಚಲಿಸುತ್ತಿರುತ್ತವೆ, ಯಾವುದೂ ನಿಲ್ಲುವುದಿಲ್ಲ. ಇದನ್ನು ಎಷ್ಟು ನೋಡಿದರೂ ನನಗೆ ಸಾಲದು.

ಕತ್ತಲಾದ ಮೇಲೆ ಎಡಗಡೆಗೆ ಬನ್ನಿ. ಕೊಂಕಣದ ಊರುಗಳ ದೀಪ, ಮೀನುಗಾರರ ದೋಣಿಗಳ ದೀಪ. ಹಿಂಬದಿ ಡೆಕ್ಕಿನಲ್ಲಿ ನಿಂತರೆ ಹಡಗು ಕಡೆದು ಬಿಟ್ಟ ಬಿಳಿ ದಾರಿ ಕಾಣುತ್ತದೆ. ಬೆಳಿಗ್ಗೆ 6ಕ್ಕೆ ಎದ್ದರೆ ಡೆಕ್ಕು ಪೂರ್ತಿ ನಿಮ್ಮದೇ. ಚಹಾ ಹಿಡಿದು ಕುರ್ಚಿ ಎಳೆದುಕೊಂಡು ಕೂತುಬಿಡಿ. ಡಾಲ್ಫಿನ್ ಕಂಡರೂ ಕಾಣಬಹುದು. ಶೋ, ಕ್ಯಾಸಿನೊ, ಡಿಜೆ ಎಲ್ಲ ಇರುತ್ತವೆ, ಬೇಕಾದವರು ಹೋಗಲಿ. ಅವು ದಡದಲ್ಲೂ ಸಿಗುತ್ತವೆ ಅಲ್ವಾ?

ಸಿಬ್ಬಂದಿ ಜೊತೆ ಮಾತಾಡಿ. ಗೋವಾ, ಕೊಂಕಣದ ಮನೆಮನೆಗಳಲ್ಲಿ ತಲೆಮಾರುಗಳಿಂದ ಹಡಗಿನ ಕೆಲಸ ಮಾಡಿದವರಿದ್ದಾರೆ. "ಮೊದಲು ಯಾವ ಹಡಗಿನಲ್ಲಿದ್ರಿ?" ಅಂತ ಒಂದೇ ಪ್ರಶ್ನೆ ಕೇಳಿ, ಪುರುಸೊತ್ತಿದ್ದರೆ ಖುಷಿಯಿಂದ ಹೇಳುತ್ತಾರೆ.

ಹಂತ 8: ನಿವೃತ್ತ ಲೈನರ್‌ಗಳನ್ನು ಹುಡುಕಿ ಹೋಗುವುದು

ಒಂದು ಸಲ ಹಡಗಿನ ರುಚಿ ಹತ್ತಿತೋ, ಹಳೆಯವನ್ನು ನೋಡುವ ಆಸೆ ತಾನಾಗಿ ಬರುತ್ತದೆ. ನಮಗೆ ಸುಲಭದ್ದು ದುಬೈನ ಕ್ವೀನ್ ಎಲಿಜಬೆತ್ 2, ಎಲ್ಲರೂ ಕ್ಯೂಇ2 ಅನ್ನುತ್ತಾರೆ. ನಮ್ಮ ಜಿಲ್ಲೆಗಳ ಎಷ್ಟೋ ಮನೆಯ ಮಕ್ಕಳು ದುಬೈನಲ್ಲಿದ್ದಾರೆ. ಅವರನ್ನು ನೋಡಲು ಹೋದಾಗ ಬುರ್ಜ್ ಖಲೀಫಾ ಜೊತೆ ಇದನ್ನೂ ಸೇರಿಸಿ. 1969ರಲ್ಲಿ ಮೊದಲ ಪ್ರಯಾಣ, 1982ರ ಫಾಕ್‌ಲ್ಯಾಂಡ್ ಯುದ್ಧಕ್ಕೆ ಸೈನಿಕರನ್ನು ಹೊತ್ತು ಹೋಯಿತು, ಮುಂಬೈಗೂ ಬಂದಿತ್ತು. 2008ರ ನವೆಂಬರ್‌ನಲ್ಲಿ ದುಬೈಗೆ ಬಂದು, ಹತ್ತು ವರ್ಷ ಸುಮ್ಮನೆ ನಿಂತು, 2018ರಲ್ಲಿ ಪೋರ್ಟ್ ರಶೀದ್‌ನಲ್ಲಿ ಹೋಟೆಲಾಗಿ ತೆರೆಯಿತು. ಗೈಡ್ ಜೊತೆಗಿನ ಹೆರಿಟೇಜ್ ಟೂರ್ ಇದೆಯಾ ಅಂತ ಮೊದಲೇ ವಿಚಾರಿಸಿ ಹೋಗಿ. ರಾತ್ರಿ ತಂಗುವುದಾದರೆ ದುಂಡು ಕಿಟಕಿಯ ರೂಮು ಕೇಳಿ.

ಕ್ಯೂಇ2ಗಿಂತ ಹಿರಿಯಳು ಅಮೆರಿಕದ ಲಾಂಗ್ ಬೀಚಿನ ಕ್ವೀನ್ ಮೇರಿ. ಮೂರು ಚಿಮಣಿ, 310 ಮೀಟರ್. 1936ರಲ್ಲಿ ಓಡಾಟ ಶುರು. ಎರಡನೇ ಮಹಾಯುದ್ಧದಲ್ಲಿ ಬೂದು ಬಣ್ಣ ಬಳಿದು ಸೈನಿಕರನ್ನು ಸಾಗಿಸಿದರು. 1943ರಲ್ಲಿ ಒಂದೇ ಪ್ರಯಾಣದಲ್ಲಿ 16,683 ಜನರನ್ನು ಹೊತ್ತ ದಾಖಲೆ ಇದರದ್ದು. 1967ರಿಂದ ಲಾಂಗ್ ಬೀಚಿನಲ್ಲೇ ಇದೆ. ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದರೆ ನೆವ ಸಿಕ್ಕಂತೆಯೇ. ಒಳಗೆ ಎರಡು ನೋಡಲೇಬೇಕು. ಒಂದು, ಕ್ಯಾಬಿನ್ನುಗಳ ಉದ್ದನೆಯ ಓಣಿ. ನೆಲ ಸಪಾಟಾಗಿಲ್ಲ, ಎರಡೂ ತುದಿಗೆ ಹೋದಂತೆ ಮೆಲ್ಲಗೆ ಮೇಲೇರುತ್ತದೆ, ಒಂದು ತುದಿಯಲ್ಲಿ ನಿಂತರೆ ಆ ಬಾಗು ಕಣ್ಣಿಗೆ ಸ್ಪಷ್ಟ. ದೊಡ್ಡ ಅಲೆಗೆ ಮೂತಿ ಮುಳುಗದಿರಲಿ ಅಂತ ಹಾಗೆ ಕಟ್ಟುತ್ತಿದ್ದರು. ಇನ್ನೊಂದು, ಮೊದಲ ದರ್ಜೆಯವರ ಊಟದ ಹಾಲಿನ ಗೋಡೆಯ ಮೇಲಿನ ಅಟ್ಲಾಂಟಿಕ್ ನಕ್ಷೆ. ಅದರ ಮೇಲೆ ಸ್ಫಟಿಕದ ಪುಟ್ಟ ಹಡಗು ಸರಿಯುತ್ತ, ಈಗ ಎಲ್ಲಿದ್ದೇವೆ ಅಂತ ಊಟಕ್ಕೆ ಕೂತವರಿಗೆ ತೋರಿಸುತ್ತಿತ್ತು.

ನೆದರ್‌ಲ್ಯಾಂಡ್ಸ್‌ಗೆ ಹೋದವರು ರಾಟರ್‌ಡ್ಯಾಮ್‌ನಲ್ಲಿ ಅದೇ ಹೆಸರಿನ 1959ರ ಲೈನರ್ ನೋಡಬಹುದು, ಈಗ ಹೋಟೆಲು. ಜಪಾನಿನ ಯೋಕೊಹಾಮಾದಲ್ಲಿ 1930ರ ಹಿಕಾವಾ ಮಾರು ಇದೆ. 1952ರಲ್ಲಿ ಅಟ್ಲಾಂಟಿಕ್ಕನ್ನು ಮೂರೂವರೆ ದಿನದಲ್ಲಿ ದಾಟಿ ದಾಖಲೆ ಮಾಡಿದ ಎಸ್‌ಎಸ್ ಯುನೈಟೆಡ್ ಸ್ಟೇಟ್ಸ್ ಮಾತ್ರ ಹೀಗೆ ಉಳಿಯಲಿಲ್ಲ. ಫಿಲಡೆಲ್ಫಿಯಾದಲ್ಲಿ ದಶಕಗಳ ಕಾಲ ತುಕ್ಕು ಹಿಡಿದು ನಿಂತಿದ್ದ ಅದನ್ನು 2025ರ ಫೆಬ್ರವರಿಯಲ್ಲಿ ಎಳೆದೊಯ್ದರು, ಫ್ಲೋರಿಡಾ ಕಡಲಲ್ಲಿ ಮುಳುಗಿಸಿ ಮೀನುಗಳಿಗೆ ಮನೆ ಮಾಡುವುದಕ್ಕೆ.

ಇನ್ನು ನಮ್ಮ ದೇಶದ ಅಲಂಗ್. ಗುಜರಾತಿನ ಭಾವನಗರದ ಹತ್ತಿರ, ಖಂಭಾತ್ ಕೊಲ್ಲಿಯ ಭಾರಿ ಉಬ್ಬರದಲ್ಲಿ ಹಡಗನ್ನು ದಡಕ್ಕೇರಿಸಿ, ಇಳಿತದಲ್ಲಿ ನಿಂತಲ್ಲೇ ಒಡೆಯುತ್ತಾರೆ. ಸೇಂಟ್ ನಜೇರ್ ಅಂದೆನಲ್ಲ, ಅಲ್ಲೇ ಕಟ್ಟಿದ ಎಸ್‌ಎಸ್ ಫ್ರಾನ್ಸ್ ಎಂಬ ಲೈನರ್ 1962ರಲ್ಲಿ ಓಡಾಟ ಶುರು ಮಾಡಿ, ನಾರ್ವೆ ಎಂಬ ಹೆಸರಿನಲ್ಲಿ ಕ್ರೂಸ್ ಹಡಗಾಗಿ, ಕೊನೆಗೆ 2006ರಲ್ಲಿ ಅಲಂಗ್ ದಡ ಸೇರಿತು. ಅದರೊಳಗಿನ ಕಲ್ನಾರಿನ (ಆಸ್‌ಬೆಸ್ಟಾಸ್) ವಿಷಯ ನಮ್ಮ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2019ರಲ್ಲಿ ಮುಂಬೈಯಿಂದ ಓಡಲು ಶುರುವಾದ ಕರ್ಣಿಕಾ ಕೂಡ 2020ರಲ್ಲಿ ಅಲ್ಲಿಗೇ ಹೋಯಿತು. ಅದರಲ್ಲಿ ರಜೆ ಕಳೆದವರಿಗೆ ಈ ಸುದ್ದಿ ಎಷ್ಟು ನೋವು ತಂದಿರಬೇಕು.

ಒಡೆಯುವ ಅಂಗಳಕ್ಕೆ ಸುಮ್ಮನೆ ಹೋದರೆ ಬಿಡುವುದಿಲ್ಲ, ಅನುಮತಿ ಬೇಕು. ಆದರೆ ಅಲಂಗ್‌ಗೆ ಹೋಗುವ ರಸ್ತೆಯ ಎರಡೂ ಬದಿಗೆ ಹಡಗಿನ ಸಾಮಾನಿನ ಅಂಗಡಿಗಳ ಸಾಲೇ ಇದೆ. ಕುರ್ಚಿ, ಕಪ್ಪು ಬಸಿ, ಗಡಿಯಾರ, ನೀರಿನಲ್ಲಿ ತೇಲುವ ಲೈಫ್ ಬಾಯ್ ಉಂಗುರ, ಇಡೀ ಅಡುಗೆಮನೆ. ಒಂದು ಸಣ್ಣ ತಟ್ಟೆ ತಗೊಂಡರೂ ತಿರುಗಿಸಿ ಹಿಂದೆ ಕಂಪನಿ ಗುರುತು ನೋಡಿ, ಯಾವ ಹಡಗಿನದ್ದು ಅಂತ ಅಂಗಡಿಯವರನ್ನು ಕೇಳಿ ಬರೆದುಕೊಳ್ಳಿ. ಸೂರತ್ ಹತ್ತಿರದ ಹಜೀರಾದಿಂದ ಭಾವನಗರದ ಕಡೆಯ ಘೋಘಾಕ್ಕೆ 2020ರಿಂದ ಜನ, ವಾಹನ ಎರಡನ್ನೂ ಹೊರುವ ರೋ-ಪ್ಯಾಕ್ಸ್ ಹಡಗಿದೆ, ಸುಮಾರು 4 ತಾಸು. ಅಲಂಗ್‌ಗೆ ಅದರಲ್ಲೇ ಹೋಗಿ.

ಹಂತ 9: ಇನ್ನೂ ಓಡುತ್ತಿರುವ ಒಂದೇ ಲೈನರ್

ಕ್ವೀನ್ ಮೇರಿ 2. ಇದೂ ಸೇಂಟ್ ನಜೇರ್‌ನದ್ದೇ, ಮುಂಬೈಯಲ್ಲಿ ನೀವು ಹತ್ತಿದ ಎಂಪ್ರೆಸ್‌ನ ತವರಿನದ್ದು. 2004ರಿಂದ ಸೌತಾಂಪ್ಟನ್–ನ್ಯೂಯಾರ್ಕ್ ನಡುವೆ ಓಡುತ್ತಿದೆ, ಸಾಮಾನ್ಯವಾಗಿ 7 ರಾತ್ರಿ. 345 ಮೀಟರ್ ಉದ್ದ, 30 ನಾಟ್ ವೇಗ, ಅಂದರೆ ತಾಸಿಗೆ ಸುಮಾರು 55 ಕಿಮೀ. ನಾಯಿಗಳಿಗೂ ಪ್ರತ್ಯೇಕ ಜಾಗ ಇದೆ. ಹಳೆ ಕ್ವೀನ್ ಮೇರಿಯ ಒಂದು ಸೈರನ್ನನ್ನು ತಂದು ಇದರ ಚಿಮಣಿಗೆ ಕೂರಿಸಿದ್ದಾರೆ, ಅದೇ ದನಿ ಇವತ್ತಿಗೂ ಕೇಳುತ್ತದೆ.

ನಿವೃತ್ತಿಯ ದುಡ್ಡು ಬಂದಾಗ ಒಂದು ದೊಡ್ಡ ಪ್ರವಾಸ ಮಾಡೋಣ ಅನ್ನುವ ಮೇಷ್ಟ್ರು, ಅಕ್ಕೋರುಗಳಿಗೆ ನಾನು ಇದನ್ನೇ ಹೇಳುವುದು. ಹೋಗುವುದಾದರೆ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್ ಕಡೆಗೆ ಹೋಗಿ. ಪಡುವಣಕ್ಕೆ ಹೋಗುವಾಗ ಹೆಚ್ಚಿನ ರಾತ್ರಿ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ಇಡುತ್ತಾರೆ, ದಿನಕ್ಕೆ 25 ತಾಸು ಸಿಕ್ಕಂತೆ. ಬ್ರಿಟನ್, ಅಮೆರಿಕ ಎರಡರ ವೀಸಾನೂ ಬೇಕು. ಅಮೆರಿಕದ್ದಕ್ಕೆ ಸಂದರ್ಶನದ ದಿನ ಸಿಗುವುದೇ ತಡ, ಹಾಗಾಗಿ ಹಡಗಿನ ಟಿಕೆಟ್‌ಗಿಂತ ಮೊದಲು ಅದಕ್ಕೆ ಅರ್ಜಿ ಹಾಕಿ.